ಹನ್ನೊಂದನೆಯ ಲಕೋಟೆ

ನಮ್ಮಲ್ಲಿ ಇಬ್ಬರು ಎದುರಾದರೆ ಮೊದಲು ಕೂರಬೇಕು.
ಒಂಟೆ ಕಾದಿರಲಿ, ಬಿಸಿಲು ನೆತ್ತಿ ಸೀಳಲಿ,
ಕೂತು, ಕಂಡದ್ದನ್ನು ಕಂಡಂತೆ ಹೇಳಬೇಕು:
ಎಲ್ಲಿ ಮಳೆ ಬಿತ್ತು, ಯಾರ ಮೇಕೆ ಈಯಿತು,
ಯಾವ ಬಾವಿಗೆ ಎಷ್ಟು ಮೊಳ ಹಗ್ಗ.
ಇದಕ್ಕೆ ದಾಗು ಎನ್ನುತ್ತೇವೆ.
ದಾಗುವಿನಲ್ಲಿ ಸುಳ್ಳಾಡಿದವನ ಸುದ್ದಿಯನ್ನು
ಆಮೇಲೆ ಯಾರೂ ಕೇಳುವುದಿಲ್ಲ.
ಬದುಕಿದ್ದೂ ಅವನು ಊರಿಗೆ ಮೂಗ.

ನಾನು ವಾಗ್ರಿಸ್, ಹುಮ್ಮದನ ಮಗ,
ದನಾಕಿಲ್‌ನ ಕಪ್ಪು ಕಲ್ಲುಗಳ ಮೇಲೆ
ಕಾಡುಕತ್ತೆಯ ಲದ್ದಿ ಹೆಕ್ಕುವವನು.
ನಗಬೇಡಿ. ಲಕೋಟೆಗೆ ಇಷ್ಟು ಅಂತ ಕೂಲಿ.
ಒಣಗಿದ್ದು ಬೇಡ, ಹೊಸದಿರಬೇಕು,
ಮೇಲಿನ ಹೊಳಪಿಗೆ ಕರುಳ ಪೊರೆ ಅಂಟಿರಬೇಕು.
ಅಷ್ಟರಲ್ಲೇ ಇದ್ದಾಳಂತೆ ಅದರ ಅಜ್ಜಿ, ಮುತ್ತಜ್ಜಿ,
ಅಜ್ಜಿಗೂ ಅಜ್ಜಿ.

ಹೋದ ವರ್ಷ ಇಪ್ಪತ್ತಾರು ಲಕೋಟೆ.
ಈ ವರ್ಷ ನಾಲ್ಕು ತಿಂಗಳು ನಡೆದೆ.
ಎರಡು ಜೊತೆ ಟೈರಿನ ಚಪ್ಪಲಿ ಸವೆದವು.
ಹತ್ತು.
ಹತ್ತನೆಯದರ ಒಡತಿಯನ್ನು ಕಣ್ಣಾರೆ ಕಂಡೆ:
ಬೂದಿ ಮೈ, ಬಿಳಿ ಹೊಟ್ಟೆ,
ಕಾಲಿಗೆ ಮಾತ್ರ ಕಪ್ಪು ಪಟ್ಟೆ,
ಯಾರದೋ ಬಟ್ಟೆ ಕದ್ದು ಮಂಡಿಯವರೆಗೆ ತೊಟ್ಟು
ಯಾಕೋ ಸಾಕೆನಿಸಿ ಬಿಟ್ಟ ಹಾಗೆ.
ಕಿವಿ ನನ್ನತ್ತ, ಮುಖ ಬಯಲಿನತ್ತ.
ಉಸಿರು ಬಿಟ್ಟೆ. ಅಷ್ಟೇ. ಅಲ್ಲಿರಲಿಲ್ಲ.

ಅಡ್ಡಿಸ್ ಅಬಾಬಾದಿಂದ ಬರುವ ಯೆಶಿಮೆಬೆತ್
ಚಹಾ ಆರಿಸಿಕೊಳ್ಳುತ್ತ ಒಮ್ಮೆ ಹೇಳಿದ್ದಳು:
ಇದೂ ದಕ್ಷಿಣದ ಜೀಬ್ರಾವೂ ಒಂದೇ ತಾಯ ಮಕ್ಕಳು,
ಇಪ್ಪತ್ತು ಲಕ್ಷ ವರ್ಷದ ಹಿಂದೆ ಒಲೆ ಬೇರೆ ಮಾಡಿಕೊಂಡವರು.
ಆ ತಾಯಿಯೂ ಈ ನೆಲದವಳಲ್ಲ,
ಕಡಲು ಇಳಿದ ಕಾಲದಲ್ಲಿ
ಭೂಮಿಯ ಆ ತುದಿಯಿಂದ ನಡೆದು ಬಂದವರ ಕಡೆಯವಳು.
ಒಂದು ಕವಲು ಪರ್ಷಿಯಾದ ಉಪ್ಪುಬಯಲಿಗೆ,
ಒಂದು ಟಿಬೆಟ್ಟಿನ ಗಾಳಿಗೆ.
ಕತ್ತೆಯ ಕಣದೊಳಗೆ ಅರವತ್ತೆರಡು ದಾರ,
ಸಣ್ಣ ಪಟ್ಟೆಯ ಜೀಬ್ರಾಕ್ಕೆ ನಲವತ್ತಾರು,
ಬೆಟ್ಟದ ಜೀಬ್ರಾಕ್ಕೆ ಮೂವತ್ತೆರಡೇ.
ಮಿಕ್ಕ ದಾರ ಕಳೆದವೇ, ಕೇಳಿದೆ.
ಇಲ್ಲ, ಒಂದಕ್ಕೊಂದು ಗಂಟು ಬಿದ್ದಿವೆ, ಅಂದಳು.
ಹಗ್ಗ ಹೊಸೆದವನಿಗೆ ಅದು ತಿಳಿಯುತ್ತದೆ.
ನನಗೆ ಅಪ್ಪನ ಕಡೆ ಹನ್ನೆರಡು ಹೆಸರು ಬಾಯಿಪಾಠ.
ಅಮ್ಮನ ಕಡೆ ಎರಡು.

ಹೇಳಿಬಿಡುತ್ತೇನೆ.
ಹನ್ನೊಂದನೆಯದು ನನ್ನ ಮನೆಯದು.
ನೀರು ಹೊರುವ ಹೆಣ್ಣುಗತ್ತೆ. ನನ್ನವಳು ದಹಾರಾ
ಅದನ್ನು ಕುಂಟಿ ಎನ್ನುತ್ತಾಳೆ, ಕುಂಟದಿದ್ದರೂ.
ಅವಳಿನ್ನೂ ಹಿಟ್ಟು ನಾದುವ ಹೊತ್ತು
ಗುಡಿಸಲ ಹಿಂದೆ ಬಗ್ಗಿ ಹೆಕ್ಕಿ
ಲಕೋಟೆಯ ಮೇಲೆ ಬರೆದೆ: ಗುಡ್ಡದಾಚೆ. ಒಂಟಿ. ಹೊಸದು.
ಪೆನ್ನು ಒಮ್ಮೆ ನಿಂತಿತು. ಶಾಯಿ ಮುಗಿಯಿತೇನೋ ಅಂದುಕೊಂಡೆ.

ಆರು ತಿಂಗಳ ಮೇಲೆ ಜೀಪು ಬಂತು.
ಇಳಿದವಳು ನೇರ ನೆಲದ ಮೇಲೆ ಕೂತಳು,
ನಮ್ಮವರ ಹಾಗೆ.
ಹತ್ತು ಲಕೋಟೆಗೆ ತಾಯಿಗೆರೆ ಎರಡೇ, ಅಂದಳು.
ಎರಡೇ.
ಹನ್ನೊಂದು ಸಾಕಿದ ಕತ್ತೆ. ನಿನಗೆ ಗೊತ್ತಿತ್ತು.
ನಾನು ಕಲ್ಲು ನೋಡಿದೆ.
ಆದರೆ ಕೇಳು, ಅದರ ತಾಯಿಗೆರೆ
ನಿನ್ನ ಗುಡ್ಡದ ಯಾವ ಕತ್ತೆಯದೂ ಅಲ್ಲ.
ಆ ಗೆರೆಯ ಕಾಡಿನವರು ಇನ್ನೂ ಎಲ್ಲೂ ಸಿಕ್ಕಿಲ್ಲ.
ಸಾವಿರಾರು ವರ್ಷದ ಹಿಂದೆ ಒಬ್ಬಳು
ಯಾರದೋ ಹಗ್ಗಕ್ಕೆ ಕತ್ತು ಕೊಟ್ಟಳು.
ಕೊಡದ ಅಕ್ಕತಂಗಿಯರು ಹೋದರು.
ಕೊಟ್ಟವಳು ಇಗೋ, ನಿನ್ನ ನೀರು ಹೊರುತ್ತಿದ್ದಾಳೆ.

ಆ ಲಕೋಟೆಯ ಕೂಲಿ ಅವಳು ಹಿಡಿದುಕೊಂಡಳು.
ನಾನೂ ಕೇಳಲಿಲ್ಲ.

ಸಂಜೆ, ಉಪ್ಪು ಹೇರಿದ ಒಂಟೆಗಳ ಜೊತೆ
ಬೆರಹಿಲೆ ಕಡೆಗೆ ಹೊರಟವನೊಬ್ಬ ಎದುರು ಕೂತ.
ಏನು ಸುದ್ದಿ, ಅಂದ.
ಮಳೆಯಿಂದ ಶುರುಮಾಡಬೇಕಿತ್ತು. ಅಥವಾ ಮೇಕೆಯಿಂದ.
ನಾನೊಂದು ಸುಳ್ಳು ಹೇಳಿದ್ದೆ, ಅಂದೆ.
ಕುಂಟಿ ಬಾಲ ಬೀಸಿ ನೊಣ ಓಡಿಸಿತು.
ಅವನು ಒಂಟೆಯ ಹಗ್ಗವನ್ನು ಕಲ್ಲಿಗೆ ಸುತ್ತಿ
ಇನ್ನಷ್ಟು ಹತ್ತಿರ ಸರಿದು ಕೂತ.